ಹಿಮದ ಊರಿನಲ್ಲಿ ನನ್ನ ಸೈಕಲ್

ನಮ್ಮ ಕರಾವಳಿಯಲ್ಲಿ ಚಳಿಗಾಲ ಎಂದರೆ ಏನು? ಡಿಸೆಂಬರಿನ ಮುಂಜಾನೆ ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಸುಬ್‌ಹ್ ನಮಾಝಿಗೆ ವುಝೂ ಮಾಡುವಾಗ ನೀರು ತುಸು ಚುರುಕ್ ಎನ್ನುತ್ತದೆ. ಮಕ್ಕಳಿಗೊಂದು ಸ್ವೆಟರ್ ಹಾಕುತ್ತೇವೆ. ಒಂಬತ್ತು ಗಂಟೆಯ ಬಿಸಿಲಿಗೆ ಅದನ್ನೂ ಬಿಚ್ಚಿಸುತ್ತೇವೆ. ಅಲ್ಲಿಗೆ ಆ ದಿನದ ಚಳಿ ಮುಗಿಯಿತು.

ನಾನೀಗ ವಾಸಿಸುವ ಊರಿನಲ್ಲಿ ಚಳಿ ಅಕ್ಟೋಬರ್ ಕೊನೆಗೆ ಬಾಗಿಲು ತಟ್ಟಿದರೆ ಏಪ್ರಿಲ್‌ವರೆಗೆ ಅತಿಥಿಯಾಗಿ ಕುಳಿತುಬಿಡುತ್ತದೆ. ಊರಿನ ಹೆಸರು ಔಲು, ಫಿನ್‌ಲ್ಯಾಂಡ್ ದೇಶದ ಉತ್ತರ ಭಾಗದ ದೊಡ್ಡ ನಗರ. ಭೂಪಟದಲ್ಲಿ ಆರ್ಕ್ಟಿಕ್ ವೃತ್ತ ಎಂಬ ಗೆರೆಯನ್ನು ನೀವು ಶಾಲೆಯಲ್ಲಿ ನೋಡಿರುತ್ತೀರಿ. ಆ ಗೆರೆಯಿಂದ ಇನ್ನೂರು ಕಿ.ಮೀ. ಕೂಡ ದೂರವಿಲ್ಲದ, ಸಮುದ್ರ ತೀರದ ಊರು ಇದು. ಜನಸಂಖ್ಯೆ ಎರಡು ಲಕ್ಷಕ್ಕೂ ಮಿಕ್ಕಿ. ಜನವರಿಯಲ್ಲಿ ಇಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವುದು ಸಾಮಾನ್ಯ. ಇಪ್ಪತ್ತು ಕೆಳಗೆ ಇಳಿಯುವುದೂ ಇದೆ, ಕೆಲವು ರಾತ್ರಿ ಅದಕ್ಕಿಂತಲೂ ಕೆಳಗೆ. ಇಲ್ಲಿನ ಸಮುದ್ರವೇ ಹೆಪ್ಪುಗಟ್ಟಿ ಬಯಲಾಗುತ್ತದೆ.

ಊರಿನಿಂದ ಫೋನ್ ಮಾಡುವ ಸಂಬಂಧಿಕರು, ಹಳೆಯ ಶಿಷ್ಯೆಯರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಚಳಿಯಲ್ಲಿ ಮನೆಯೊಳಗೇ ಕುಳಿತಿರುತ್ತೀರಾ?" ಇಲ್ಲ, ಸೈಕಲ್ ತುಳಿಯುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. ನಂಬಿದವರು ಗಾಬರಿಯಾಗುತ್ತಾರೆ. ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ನಿಮ್ಮೆದುರು ಒಟ್ಟಾಗಿ ಇಡುತ್ತಿದ್ದೇನೆ.

ಪತಿಯ ಉದ್ಯೋಗದ ನಿಮಿತ್ತ 2016ರ ಆಗಸ್ಟ್‌ನಲ್ಲಿ ನಾವು ಇಲ್ಲಿಗೆ ಬಂದೆವು. ಊರಿನಲ್ಲಿ ಬೆಳಿಗ್ಗೆ ಮದ್ರಸಾ, ಆಮೇಲೆ ಶಾಲೆ ಎಂದು ಓಡಾಡುತ್ತಿದ್ದ ನನಗೆ ಇಲ್ಲಿ ಮೊದಲು ಏನೂ ಕೆಲಸವಿರಲಿಲ್ಲ. ಕ್ರಮೇಣ ನಾಲ್ಕಾರು ಮನೆಗಳ ಮಕ್ಕಳಿಗೆ ಕುರ್‌ಆನ್ ಓದಿಸುವ ಕೆಲಸ ಒದಗಿತು. ಒಂದು ಮನೆ ಇಲ್ಲಿ, ಇನ್ನೊಂದು ಐದು ಕಿ.ಮೀ. ಆಚೆ. ಬಸ್ಸು ಇದೆ, ಆದರೆ ಎರಡು ಬಸ್ಸು ಬದಲಿಸಬೇಕು. ಬಾಲ್ಯದಲ್ಲಿ ಅಣ್ಣನ ಸೈಕಲನ್ನು ಅಂಗಳದಲ್ಲಿ ತುಳಿದ ಅಭ್ಯಾಸ ನನಗಿತ್ತು. ಹೀಗೆ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಸೈಕಲ್ ಕೊಂಡುಕೊಂಡೆ. ಒಂದು ತಿಂಗಳೊಳಗೆ ಅದು ನನ್ನ ಇಷ್ಟದ ವಸ್ತುವಾಯಿತು. ಬರ್ಚ್ ಮರಗಳ ನಡುವೆ, ನದಿಯ ಸೇತುವೆಯ ಮೇಲೆ, ಯಾರನ್ನೂ ಕಾಯದೆ, ಯಾರಿಗೂ ಹೊರೆಯಾಗದೆ ಹೋಗಿ ಬರುವ ಸುಖವನ್ನು ಬಲ್ಲವರೇ ಬಲ್ಲರು. ನವೆಂಬರಿನಲ್ಲಿ ಮೊದಲ ಹಿಮ ಬಿದ್ದಾಗ, ಇನ್ನು ಇದನ್ನು ಒಳಗಿಡಬೇಕಲ್ಲ ಎಂಬ ಸಂಕಟವೂ ಅಷ್ಟೇ ಆಯಿತು.

ಆ ಸಂಕಟವನ್ನು ಬಿಡಿಸಿದವರು ಕೆಳಗಿನ ಮಹಡಿಯ ಅಜ್ಜಿ. ವಯಸ್ಸು ಎಪ್ಪತ್ತು ದಾಟಿದೆ. ಮೈನಸ್ ಹನ್ನೆರಡರ ಒಂದು ಬೆಳಿಗ್ಗೆ ಅವರು ಸೈಕಲಿನ ಬುಟ್ಟಿಯಲ್ಲಿ ಗ್ರಂಥಾಲಯದ ಪುಸ್ತಕ ಇಟ್ಟುಕೊಂಡು ಹೊರಟಿದ್ದರು. "ಈ ಚಳಿಗೆ?" ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಆಕಾಶ ತೋರಿಸಲಿಲ್ಲ, ದಾರಿ ತೋರಿಸಿದರು. ಹಿಮವನ್ನು ಗುಡಿಸಿ, ಸಮತಟ್ಟು ಮಾಡಿ, ಮೇಲೆ ಸಣ್ಣ ಜಲ್ಲಿ ಚೆಲ್ಲಿದ ದಾರಿ. ಅಜ್ಜಿಯ ಉತ್ತರ ಅಷ್ಟೇ.

ಆಮೇಲೆ ವಿಚಾರಿಸಿದಾಗ ಒಂದೊಂದೇ ಸಂಗತಿ ತಿಳಿಯಿತು. ಈ ನಗರದಲ್ಲಿ ಸೈಕಲ್ ಮತ್ತು ಕಾಲ್ನಡಿಗೆಯವರಿಗೆಂದೇ ಸುಮಾರು 900 ಕಿ.ಮೀ. ದಾರಿಯಿದೆ. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಅದರ ಕೆಳಗಿನಿಂದ ಸುರಂಗದಂತೆ ದಾಟಿ ಹೋಗುತ್ತದೆ, ವಾಹನಗಳಿಗೆ ಎದುರಾಗುವ ಭಯವಿಲ್ಲ. ರಾತ್ರಿ ಹಿಮ ಬಿದ್ದರೆ ಜನ ಕೆಲಸಕ್ಕೆ ಹೊರಡುವ ಮುನ್ನವೇ ಯಂತ್ರಗಳು ಬಂದು ಮುಖ್ಯ ದಾರಿಗಳನ್ನು ಗುಡಿಸಿರುತ್ತವೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆ ಚರ್ಚಿಸಲು ಜಗತ್ತಿನ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದೂ ಇದೇ ಊರಿನಲ್ಲಿ. ಇಲ್ಲಿನ ಮೆತ್ಸೊಕಂಗಾಸ್ ಎಂಬ ಬಡಾವಣೆಯ ಶಾಲೆಯ ಸುದ್ದಿ ಹೊರದೇಶದ ಪತ್ರಿಕೆಗಳಲ್ಲೂ ಬಂದಿದೆ. ಸುಮಾರು 1,200 ಮಕ್ಕಳಲ್ಲಿ ಸಾವಿರದಷ್ಟು ಮಕ್ಕಳು ಮೈನಸ್ ಹದಿನೇಳರಲ್ಲೂ ಸೈಕಲಿನಲ್ಲೇ ಬರುತ್ತಾರೆಂದು ಅದರ ವರದಿ. ಸಾಲಾಗಿ ನಿಂತ ಸೈಕಲುಗಳ ಸೀಟಿನ ಮೇಲೆ ಹಿಮದ ದಿಂಬು ಇಟ್ಟಂತಿರುವ ಚಿತ್ರಗಳನ್ನು ನೀವೂ ನೋಡಿರಬಹುದು.

ಈ ಮಕ್ಕಳ ರಕ್ತ ನಮಗಿಂತ ಬಿಸಿಯೇನಲ್ಲ. ಅವರಿಗೂ ಚಳಿಯಾಗುತ್ತದೆ, ಮೂಗು ಕೆಂಪಾಗುತ್ತದೆ. ಆದರೆ ಅವರು ಮನೆಯಿಂದ ಹೊರಡುವ ಮುಂಚೆಯೇ ಯಾರೋ ಒಬ್ಬರು ಕತ್ತಲಲ್ಲೆದ್ದು ಅವರ ದಾರಿ ಗುಡಿಸಿರುತ್ತಾರೆ. ಸುಬ್‌ಹ್‌ಗೆ ಎದ್ದಾಗ ಕಿಟಕಿಯಿಂದ ಆ ಯಂತ್ರದ ಹಳದಿ ದೀಪ ಸುತ್ತುವುದು ನನಗೆ ಕಾಣುತ್ತದೆ. ಆಗೆಲ್ಲ ಮದ್ರಸಾದಲ್ಲಿ ನಾನು ಮಕ್ಕಳಿಗೆ ವರ್ಷವರ್ಷವೂ ಕಲಿಸಿದ ಹದೀಸ್ ನೆನಪಾಗುತ್ತದೆ. ಈಮಾನಿಗೆ ಹಲವು ಶಾಖೆಗಳಿವೆ, ಅವುಗಳಲ್ಲಿ ಅತ್ಯಂತ ಕೆಳಗಿನದು ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಊರಿನಲ್ಲಿ ಅದಕ್ಕೆ ಉದಾಹರಣೆಯಾಗಿ ಮುಳ್ಳು, ಕಲ್ಲು, ಬಾಳೆಹಣ್ಣಿನ ಸಿಪ್ಪೆ ಎನ್ನುತ್ತಿದ್ದೆ. ಒಂದಿಡೀ ನಗರದ ದಾರಿಯಿಂದ ಹಿಮವನ್ನು ಸರಿಸಿದರೆ ಎಷ್ಟು ಜನರ ಬದುಕು ಹಗುರವಾಗುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ಕಂಡೆ.

ಚಳಿಯ ಬಗ್ಗೆ ಒಂದು ವಿಚಿತ್ರ ಸಂಗತಿ ಹೇಳುತ್ತೇನೆ. ಸೈಕಲಿಗೆ ಮೈನಸ್ ಹದಿನೈದಕ್ಕಿಂತ ಸೊನ್ನೆ ಡಿಗ್ರಿ ಕಷ್ಟ. ಸೊನ್ನೆಯ ಆಸುಪಾಸಿನಲ್ಲಿ ಹಿಮ ಕರಗಿ ಕೆಸರಾಗುತ್ತದೆ. ರಾತ್ರಿ ಅದೇ ಕೆಸರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹೆಚ್ಚು ಚಳಿಯಿದ್ದಾಗ ಹಿಮ ಒಣಗಿ, ಗಟ್ಟಿಯಾಗಿ, ಚಕ್ರದ ಕೆಳಗೆ ಅವಲಕ್ಕಿ ಜಗಿದಂತೆ ಕರಕರ ಎನ್ನುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಮೈನಸ್ ಹತ್ತರ ಕೆಳಗೆ ಉಪ್ಪು ಹಾಕಿಯೂ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಹಿಮವನ್ನು ಪೂರ್ತಿ ಕೆರೆದು ತೆಗೆಯುವ ಬದಲು ಒತ್ತಿ ಸಮ ಮಾಡಿ, ಮೇಲ್ಮೈಯನ್ನು ತುಸು ಒರಟಾಗಿಸಿ ಬಿಡುತ್ತಾರೆ.

ಇನ್ನು ನನ್ನ ಸಿದ್ಧತೆಗೆ ಬರೋಣ. ಮೊದಲನೆಯದು ಟಯರು. ಚಳಿಗಾಲಕ್ಕೆಂದೇ ಸಣ್ಣ ಲೋಹದ ಮೊಳೆಗಳಿರುವ ಟಯರುಗಳು ಸಿಗುತ್ತವೆ. ಚಳಿಗಾಲದ ಟಯರು ಈ ದೇಶಕ್ಕೆ ಹಳೆಯ ವಿದ್ಯೆ. ಹಿಮದ ರಸ್ತೆಗೆಂದು ವಿಶೇಷವಾಗಿ ಮಾಡಿದ ಜಗತ್ತಿನ ಮೊದಲ ಟಯರು 1934ರಲ್ಲಿ ಲಾರಿಗಳಿಗಾಗಿ ತಯಾರಾದದ್ದು ಇಲ್ಲೇ. ಮೊಳೆಯ ಟಯರು ತುಸು ಭಾರ, ವೇಗ ಕಡಿಮೆ. ಆದರೆ ಮಂಜುಗಡ್ಡೆಯನ್ನು ಬೆಕ್ಕಿನ ಉಗುರಿನಂತೆ ಹಿಡಿಯುತ್ತದೆ. ಸೀಟನ್ನು ಒಂದು ಬೆರಳಷ್ಟು ತಗ್ಗಿಸುತ್ತೇನೆ, ಬೇಕೆಂದಾಗ ಕಾಲು ನೆಲಕ್ಕೆ ಊರಬೇಕಲ್ಲ. ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟುವುದಿಲ್ಲ.

ಸೈಕಲನ್ನು ಬೆಚ್ಚಗಿನ ಮನೆಯೊಳಗೆ ತಂದಿಡುವುದಿಲ್ಲ. ಒಳಗೆ ಹಿಮ ಕರಗಿ ನೀರು ಬ್ರೇಕಿನ ತಂತಿಗಳೊಳಗೆ ಇಳಿಯುತ್ತದೆ, ಹೊರಗೆ ಹೋದ ಕೂಡಲೇ ಹೆಪ್ಪುಗಟ್ಟುತ್ತದೆ. ಹಿಮವನ್ನು ಕೊಡವಿ ಚಳಿಯ ಶೆಡ್ಡಿನಲ್ಲೇ ಇಟ್ಟರೆ ಅದಕ್ಕೂ ಸುಖ. ಬೀಗಕ್ಕೆ ಮೊದಲೇ ಎಣ್ಣೆ ಹಾಕಿರಬೇಕು. ಹೆಪ್ಪುಗಟ್ಟಿದ ಬೀಗಕ್ಕೆ ಬಿಸಿನೀರು ಸುರಿದರೆ ಆ ಕ್ಷಣಕ್ಕೆ ತೆರೆದುಕೊಂಡೀತು, ಮತ್ತೆ ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಹಾಗಾಗಿ ದೀಪವನ್ನು ಕಳಚಿ ಒಳಗೆ ಒಯ್ಯುತ್ತೇನೆ. ಕತ್ತಲ ಕಾಲದಲ್ಲಿ ದೀಪವೂ ಮೈಮೇಲೆ ಹೊಳೆಯುವ ರಿಫ್ಲೆಕ್ಟರೂ ಜೀವರಕ್ಷಕ.

ಉಡುಪಿನ ಬಗ್ಗೆ ನಿಮಗೆ ಕುತೂಹಲವಿರಬಹುದು. ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಪದರ ಮೇಲು. ಮೈಗೆ ತಾಗಿ ಉಣ್ಣೆ, ಅದರ ಮೇಲೆ ಇನ್ನೊಂದು ಬೆಚ್ಚನೆಯದು, ಹೊರಗೆ ಗಾಳಿ ತಡೆಯುವ ಕೋಟು. ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿ ಮೈಯನ್ನು ತಣ್ಣಗಾಗಿಸುತ್ತದೆ. ಹೊರಡುವಾಗ ತುಸು ಚಳಿ ಎನಿಸಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಒಂದು ಕಿ.ಮೀ. ಕಳೆಯುವಷ್ಟರಲ್ಲಿ ಬೆವರುತ್ತೀರಿ. ಬೂಟು ಒಂದು ಅಳತೆ ದೊಡ್ಡದಿರಲಿ, ಬೆರಳು ಆಡಲು ಜಾಗವಿದ್ದರೆ ಕಾಲು ಬೆಚ್ಚಗಿರುತ್ತದೆ. ಐದು ಬೆರಳಿನ ಕೈಗವಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಚೀಲದಂಥದ್ದು ಒಳ್ಳೆಯದು. ಉದ್ದನೆಯ ಅಬಾಯ ಚಕ್ರಕ್ಕೆ ಸಿಲುಕುವ ಅಪಾಯವಿದೆ. ಮೊಣಕಾಲಿನ ಕೆಳಗೆ ಬರುವ ಸಡಿಲ ಕೋಟು, ಅದರಡಿ ಅಗಲವಾದ ದಪ್ಪ ಪ್ಯಾಂಟು ನನ್ನ ಕ್ರಮ. ಸೈಕಲಿಗೆ ಚೈನು ಮುಚ್ಚುವ ತಗಡೂ, ಹಿಂದಿನ ಚಕ್ರಕ್ಕೆ ಜಾಲರಿಯೂ ಇದೆ. ತಲೆಗೆ ತೆಳುವಾದ ಉಣ್ಣೆಯ ಮಕ್ಕನ, ಮೇಲೆ ಹೆಲ್ಮೆಟ್.

ಮುಖದ ವಿಷಯ ಹೇಳಿದರೆ ನಗುತ್ತೀರಿ. ಮೈನಸ್ ಇಪ್ಪತ್ತರಲ್ಲಿ ಈ ಊರಿನ ಗಂಡಸರೂ ಹೆಂಗಸರೂ ತಲೆ, ಕಿವಿ, ಮೂಗು, ಬಾಯಿ ಎಲ್ಲ ಮುಚ್ಚಿ ಕಣ್ಣು ಮಾತ್ರ ಬಿಟ್ಟುಕೊಂಡು ಹೊರಡುತ್ತಾರೆ. ನಾನು ಯಾರು, ಎಲ್ಲಿಂದ ಬಂದವಳು, ನನ್ನ ಧರ್ಮ ಯಾವುದು ಎಂದು ಆಗ ಯಾರಿಗೂ ಗೊತ್ತಾಗುವುದಿಲ್ಲ. ಉಸಿರು ಶಾಲಿನ ಅಂಚಿನಲ್ಲಿ ಬಿಳಿ ಕಸೂತಿಯಾಗುತ್ತದೆ, ರೆಪ್ಪೆಗಳ ಮೇಲೆ ಹಿಮದ ಸುರ್ಮಾ ಕೂರುತ್ತದೆ. ಕೆನ್ನೆ ಅಥವಾ ಮೂಗಿನ ತುದಿ ಬೆಳ್ಳಗಾಗಿ ಸ್ಪರ್ಶ ತಿಳಿಯದಿದ್ದರೆ ಮಾತ್ರ ಎಚ್ಚರ. ಉಜ್ಜಬಾರದು, ಬೆಚ್ಚಗಿನ ಅಂಗೈ ಇಟ್ಟು ಒಳಗೆ ಹೋಗಬೇಕು.

ಸಹೋದರಿಯರು ಹೆಚ್ಚು ಕೇಳುವುದು ನಮಾಝಿನ ಬಗ್ಗೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹತ್ತೂವರೆಗೆ ಕಾಣಿಸಿಕೊಂಡು ಎರಡು ಗಂಟೆಯ ಹೊತ್ತಿಗೆ ಮುಳುಗುತ್ತಾನೆ. ಝುಹರ್ ಹನ್ನೆರಡೂ ಕಾಲಿಗೆ ಆರಂಭವಾದರೆ, ಅಸರ್ ಅದರ ಬೆನ್ನಿಗೇ ಬರುತ್ತದೆ, ಎರಡು ಗಂಟೆಗೆ ಮಗ್ರಿಬ್. ಎರಡು ತಾಸಿನೊಳಗೆ ಮೂರು ಹೊತ್ತಿನ ನಮಾಝ್. ಹಾಗಾಗಿ ನನ್ನ ಪಾಠ, ಪ್ರಯಾಣ ಎಲ್ಲವನ್ನೂ ಆ ಎರಡು ತಾಸಿನ ಆಚೀಚೆ ಹೊಂದಿಸುತ್ತೇನೆ. ಬೇಸಗೆಯಲ್ಲಿ ಇದಕ್ಕೆ ತದ್ವಿರುದ್ಧ, ಸೂರ್ಯ ಮುಳುಗುವುದೇ ಮಧ್ಯರಾತ್ರಿಯ ಹೊತ್ತಿಗೆ.

ವುಝೂವಿನಲ್ಲಿ ಕಾಲು ತೊಳೆದು ಮತ್ತೆ ಬೂಟಿನೊಳಗೆ ತುರುಕಿದರೆ ಆ ತೇವವೇ ಮಂಜಾಗಿ ಕಚ್ಚುತ್ತದೆ. ಆಗಲೇ ನನಗೆ ಮದ್ರಸಾದ ಫಿಕ್‌ಹ್ ಪಾಠದ ಬೆಲೆ ಗೊತ್ತಾದದ್ದು. ಚರ್ಮದ ಕಾಲ್ಚೀಲವಾದ ಖುಫ್ಫ್‌ನ ಮೇಲೆ ಮಸಹ್ ಮಾಡುವ ಅಧ್ಯಾಯವನ್ನು ಕರಾವಳಿಯ ಸೆಖೆಯಲ್ಲಿ ಕುಳಿತು ಕಂಠಪಾಠ ಮಾಡಿದ್ದೆವು. ಇದು ಯಾರಿಗೆ ಬೇಕು ಎಂದು ಗೆಳತಿಯರು ಪಿಸುಗುಟ್ಟುತ್ತಿದ್ದರು! ಪೂರ್ಣ ವುಝೂ ಮಾಡಿದ ನಂತರ ಅದನ್ನು ಧರಿಸಿರಬೇಕು, ಹರಡುಗಂಟು ಮುಚ್ಚಿರಬೇಕು, ನೀರು ಒಳಗಿಳಿಯಬಾರದು, ಅದರಲ್ಲೇ ನಡೆದಾಡುವಷ್ಟು ಗಟ್ಟಿಯಿರಬೇಕು. ಊರಲ್ಲಿರುವವರಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿಯ ರಿಯಾಯಿತಿ. ಈಗ ಬೂಟಿನೊಳಗೆ ಖುಫ್ಫ್ ಧರಿಸುತ್ತೇನೆ. ಹದಿನಾಲ್ಕು ಶತಮಾನಗಳ ಹಿಂದೆ ಮರುಭೂಮಿಯಲ್ಲಿ ಕೊಟ್ಟ ಸವಲತ್ತು ಹಿಮದ ನಾಡಿನ ಒಬ್ಬ ಶಿಕ್ಷಕಿಯ ಕಾಲನ್ನು ಕಾಯುತ್ತಿದೆ. ಅಲ್ಹಮ್ದುಲಿಲ್ಲಾಹ್. ಕೈ ಮುಖಗಳನ್ನು ಮಾತ್ರ ಚೆನ್ನಾಗಿ ಒರೆಸಿ, ವ್ಯಾಸಲೀನ್ ಹಚ್ಚಿಯೇ ಹೊರಡಬೇಕು, ಇಲ್ಲವಾದರೆ ಬಿರುಕು ಬಿಡುತ್ತವೆ.

ಇದೆಲ್ಲ ಸಾಹಸ ಎಂದು ತಿಳಿಯಬೇಡಿ. ಮೈನಸ್ ಇಪ್ಪತ್ತೈದರ ಕೆಳಗೆ ನಾನು ಹೊರಡುವುದಿಲ್ಲ. ಮಳೆ ಬಿದ್ದು ದಾರಿ ಗಾಜಾದ ದಿನ ಬಸ್ಸು ಹಿಡಿಯುತ್ತೇನೆ. ನಮ್ಮನ್ನು ನಾವೇ ಅಪಾಯಕ್ಕೆ ತಳ್ಳಿಕೊಳ್ಳಬಾರದೆಂದು ಕುರ್‌ಆನ್ ಎಚ್ಚರಿಸಿದೆಯಲ್ಲವೇ?

ಹಾಗಾದರೆ ಇಷ್ಟು ಕಷ್ಟಪಟ್ಟು ಹೊರಗೆ ಹೋಗುವುದೇಕೆ? ಇಲ್ಲಿನ ನಿಜವಾದ ಶತ್ರು ಚಳಿಯಲ್ಲ, ಕತ್ತಲು. ಕತ್ತಲ ತಿಂಗಳುಗಳಿಗೆ ಇವರ ಭಾಷೆಯಲ್ಲಿ ಕಾಮೋಸ್ ಎಂಬ ಹೆಸರೇ ಇದೆ. ಬಿಸಿಲಿಲ್ಲದೆ ವಿಟಮಿನ್ ಡಿ ಕೊರತೆಯಾಗುತ್ತದೆಂದು 2003ರಿಂದ ಹಾಲಿಗೇ ಅದನ್ನು ಬೆರೆಸುತ್ತಾರೆ. ಮನಸ್ಸಿನ ಕೊರತೆಗೆ ಹಾಲು ಸಾಲದು.

ನಮ್ಮ ದೇಶದಿಂದಲೇ ಬಂದ ಒಬ್ಬ ಯುವತಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಕೈಗೂಸು, ಹೊಸ ದೇಶ, ತಿಳಿಯದ ಭಾಷೆ. ಗಂಡ ಬೆಳಿಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಕತ್ತಲಲ್ಲಿ ಬರುತ್ತಾನೆ. ನವೆಂಬರಿನಿಂದ ಜನವರಿಯವರೆಗೆ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ನಾಲ್ಕೇ ಬಾರಿ. ನಾನು ಹೋದ ದಿನ ಮಗು ಅಳುತ್ತಿತ್ತು, ಅವಳು ಗೋಡೆ ನೋಡುತ್ತಾ ಕುಳಿತಿದ್ದಳು. "ಮಗು ಅತ್ತರೆ ಈಗ ನನಗೇನೂ ಅನಿಸುವುದಿಲ್ಲ" ಎಂದಳು. ಆ ಮಾತು ಕೇಳಿ ನನ್ನ ಎದೆ ಹೊಡೆದುಕೊಂಡಿತು. ಇದು ಸೋಮಾರಿತನವಲ್ಲ, ಈಮಾನಿನ ಕೊರತೆಯೂ ಅಲ್ಲ. ಹೆರಿಗೆಯ ನಂತರದ ಖಿನ್ನತೆಗೆ ಕತ್ತಲೂ ಸೇರಿದಾಗ ಹೀಗಾಗುತ್ತದೆ. ಮೊದಲು ಅವಳನ್ನು ಇಲ್ಲಿನ ತಾಯಿ-ಮಗುವಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ವೈದ್ಯರ ಚಿಕಿತ್ಸೆ ಆರಂಭವಾಯಿತು. ದಿನವೂ ಬೆಳಕಿರುವಾಗ ಹೊರಗೆ ಹೋಗಲೇಬೇಕೆಂದು ಅವರೂ ಹೇಳಿದರು.

ಹೇಗೆ ಹೋಗುವುದು? ಇಲ್ಲಿನ ಹಿರಿಯ ಹೆಂಗಸರು ಬಳಸುವ ಒಂದು ಜಾರುಬಂಡಿಯಿದೆ. ಕುರ್ಚಿಗೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ ಜೋಡಿಸಿದಂತೆ ಇರುತ್ತದೆ. ಹಿಂದೆ ನಿಂತು ಒಂದು ಕಾಲಿನಲ್ಲಿ ನೆಲ ಒದ್ದರೆ ಮುಂದೆ ಜಾರುತ್ತದೆ. ಅಜ್ಜಿಯಿಂದ ಅದನ್ನು ಎರವಲು ತಂದೆ. ಮಗುವನ್ನು ಬೆಚ್ಚಗೆ ಸುತ್ತಿ ನಾನು ಕುರ್ಚಿಯಲ್ಲಿ ಮಡಿಲಲ್ಲಿಟ್ಟು ಕುಳಿತೆ, ಅವಳು ಒದ್ದಳು. ಮೊದಲ ದಿನ ಹತ್ತು ನಿಮಿಷ. ವಾರ ಕಳೆದಾಗ ಅರ್ಧ ಗಂಟೆ. ಏಪ್ರಿಲ್‌ನಲ್ಲಿ ದಾರಿ ಒಣಗಿದಾಗ ಖಾಲಿ ಪಾರ್ಕಿಂಗ್ ಜಾಗದಲ್ಲಿ ಸೈಕಲ್ ಕಲಿತಳು. ಮುಂದಿನ ಚಳಿಗಾಲಕ್ಕೆ ಅವಳ ಸೈಕಲಿಗೆ ಮೊಳೆಯ ಟಯರು ಹಾಕಿಕೊಟ್ಟವನು ಅವಳ ಗಂಡನೇ. ವಾರಕ್ಕೆರಡು ದಿನ ಮಗುವನ್ನು ನೋಡಿಕೊಳ್ಳಲು ಬೇಗ ಬರುವುದನ್ನೂ ಅಭ್ಯಾಸ ಮಾಡಿಕೊಂಡ. ಈಗ ಅವಳು ಸೈಕಲಿನಲ್ಲೇ ಫಿನ್ನಿಶ್ ಭಾಷೆಯ ತರಗತಿಗೆ ಹೋಗುತ್ತಾಳೆ.

ಇದನ್ನು ಊರಿಗೆ ತಿಳಿಸಿದಾಗ ಒಬ್ಬ ಹಿರಿಯರು ಫೋನಿನಲ್ಲಿ ಬೇಸರಪಟ್ಟರು. "ಹೆಣ್ಣುಮಕ್ಕಳಿಗೆ ಲಜ್ಜೆ ಬೇಡವೇ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಲಜ್ಜೆ ಈಮಾನಿನ ಶಾಖೆ ಎಂಬುದು ಸತ್ಯ. ಆದರೆ ಆ ಮಾತು ಇರುವುದು ಎಲ್ಲಿ? ದಾರಿಯಿಂದ ತೊಂದರೆಯನ್ನು ಸರಿಸಬೇಕೆಂಬ ಅದೇ ಹದೀಸ್‌ನಲ್ಲಿ. ಎರಡೂ ಒಂದೇ ಮರದ ಕೊಂಬೆಗಳು. ನಾವು ಒಂದನ್ನು ಹೆಣ್ಣುಮಕ್ಕಳಿಗೆ ದಿನಾ ನೆನಪಿಸಿ, ಇನ್ನೊಂದನ್ನು ಯಾರಿಗೂ ನೆನಪಿಸುವುದಿಲ್ಲ. ಒಂಟೆಯೇರುವ ಸ್ತ್ರೀಯರಲ್ಲಿ ಕುರೈಶ್ ಸ್ತ್ರೀಯರು ಉತ್ತಮರೆಂದು ಪ್ರವಾದಿ(ಸ)ರವರು ಹೊಗಳಿದ್ದಾರೆ. ಅದೇ ಕುರೈಶರ ಚಳಿಗಾಲದ ಮತ್ತು ಬೇಸಗೆಯ ಪ್ರಯಾಣಗಳನ್ನು ಅಲ್ಲಾಹನು ಅವರಿಗೆ ನೀಡಿದ ಅನುಗ್ರಹವೆಂದು ಕುರ್‌ಆನಿನ ಒಂದು ಅಧ್ಯಾಯವೇ ನೆನಪಿಸುತ್ತದೆ.

ಇದನ್ನೆಲ್ಲ ಓದಿ, "ನಮ್ಮೂರಲ್ಲಿ ಹಿಮವಿಲ್ಲವಲ್ಲ, ನಮಗೇಕೆ ಈ ಕಥೆ?" ಎಂದು ನೀವು ಕೇಳಬಹುದು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಆರಂಭಿಸಿದ್ದು ನೆನಪಿದೆಯೇ? ನನ್ನ ಮದ್ರಸಾದ ಹುಡುಗಿಯರು ಆ ಸೈಕಲಿನಲ್ಲಿ ಗಂಟೆ ಬಾರಿಸುತ್ತಾ ಬಂದ ದಿನಗಳನ್ನು ನಾನು ಕಂಡಿದ್ದೇನೆ. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಬಹುಪಾಲು ತಮ್ಮಂದಿರ ಪಾಲಾದವು, ಉಳಿದವು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದವು. ಚಳಿ ಅವರನ್ನು ತಡೆದಿರಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಕುಳಿತವರ ಮಾತು, ದೀಪವಿಲ್ಲದ ತಿರುವು, ಮಳೆಗಾಲದ ಹೊಂಡ, "ದೊಡ್ಡವಳಾದೆ, ಇನ್ನು ಸಾಕು" ಎಂಬ ಮನೆಯ ಒಂದು ವಾಕ್ಯ, ಇವು ತಡೆದವು. ಕಾಲೇಜು ದೂರ ಎಂದು ಓದು ನಿಲ್ಲಿಸಿದ ಹುಡುಗಿಯ ಮನೆಯಲ್ಲೇ ಅವಳ ಸೈಕಲ್ ಗೋಡೆಗೊರಗಿ ನಿಂತದ್ದನ್ನು ನೋಡಿದ್ದೇನೆ.

ಆದ್ದರಿಂದ ಸಹೋದರಿಯರೇ, ಒಂದು ಕೆಲಸ ಮಾಡಿ. ನಿಮ್ಮ ಮಗಳೋ ಸೊಸೆಯೋ ಹೋಗಿ ಬರುವ ದಾರಿಯಲ್ಲಿ ಒಂದು ದಿನ ನೀವೂ ನಡೆದು ನೋಡಿ. ಎಲ್ಲಿ ಕತ್ತಲಿದೆ, ಎಲ್ಲಿ ಹೊಂಡವಿದೆ, ಎಲ್ಲಿ ಅವಳು ತಲೆ ತಗ್ಗಿಸಿ ಬೇಗ ಬೇಗ ದಾಟುತ್ತಾಳೆ ಎಂದು ಗಮನಿಸಿ. ದೀಪಕ್ಕೆ ಪಂಚಾಯತಿಗೆ ಅರ್ಜಿ ಕೊಡಿ. ಕಟ್ಟೆಯಲ್ಲಿ ನಮ್ಮದೇ ಮಗ ಕುಳಿತಿದ್ದರೆ ಅವನ ಕಿವಿ ಹಿಂಡಿ. ಅಡ್ಡಿಯಿರುವುದು ನಮ್ಮದೇ ನಾಲಗೆಯಲ್ಲಾದರೆ ಅದನ್ನು ಸರಿಸುವುದು ಎಲ್ಲಕ್ಕಿಂತ ಸುಲಭ, ಅದಕ್ಕೆ ಯಂತ್ರ ಬೇಡ. ಕೊಟ್ಟಿಗೆಯಲ್ಲಿ ಸೈಕಲ್ ಇದ್ದರೆ ಹೊರಗೆ ತಂದು ಚೈನಿಗೆ ಎರಡು ಹನಿ ಎಣ್ಣೆ ಬಿಡಿ.

ಪರರ ದಾರಿಯನ್ನು ಹಗುರಗೊಳಿಸುವವರ ದಾರಿಯನ್ನು ಅಲ್ಲಾಹನು ಇಹದಲ್ಲೂ ಪರದಲ್ಲೂ ಹಗುರಗೊಳಿಸಲಿ. ಆಮೀನ್.